ಕಾಂಡ್ಲಾ ಎಲೆಯಿಂದ ಬೆಳ್ಳಿಯ ಕಣ: ಎಷ್ಟು ಹಸಿರು?

ಗೇರುಹಣ್ಣಿನ ರಸ ಬಿಳಿ ಅಂಗಿಯ ಮೇಲೆ ಬಿದ್ದರೆ ಆ ಕಲೆ ಅಂಗಿ ಹರಿಯುವವರೆಗೂ ಹೋಗುವುದಿಲ್ಲ ಎಂಬುದು ಅಂಕೋಲೆ, ಕುಮಟೆ ಕಡೆಯ ಮಕ್ಕಳಿಗೆಲ್ಲ ಗೊತ್ತು. ಬಾಳೆಹೂವು ಹೆಚ್ಚಿದವರ ಬೆರಳು ಕಪ್ಪಾಗುತ್ತದೆ. ಹಸಿ ಅಡಿಕೆ ಸುಲಿದವರ ಉಗುರಿನ ಬಣ್ಣ ವಾರವಾದರೂ ಬಿಡುವುದಿಲ್ಲ. ಈ ಎಲ್ಲ ಕಲೆಗಳ ಹಿಂದಿರುವುದು ಟ್ಯಾನಿನ್, ಫ್ಲೇವನಾಯ್ಡ್ ಮುಂತಾದ ಪಾಲಿಫಿನಾಲ್ ಬಳಗದ ರಾಸಾಯನಿಕಗಳು. ಹುಳು, ಶಿಲೀಂಧ್ರ, ಸುಡು ಬಿಸಿಲು ಇವುಗಳಿಂದ ತಪ್ಪಿಸಿಕೊಳ್ಳಲು ಗಿಡಗಳು ಅವನ್ನು ತಯಾರಿಸಿಕೊಳ್ಳುತ್ತವೆ. ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುವುದು ಅವುಗಳ ಸ್ವಭಾವ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಜಗತ್ತಿನ ಪ್ರಯೋಗಾಲಯಗಳು ಬೆನ್ನು ಹತ್ತಿರುವುದು ಈ ಸ್ವಭಾವವನ್ನೇ.

ಪ್ರಯೋಗವೇನೋ ಸರಳ. ಹತ್ತಿಪ್ಪತ್ತು ಗ್ರಾಂ ಎಲೆಯನ್ನು ತೊಳೆದು, ಕತ್ತರಿಸಿ, ನೂರು ಮಿಲಿಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ ಕೆಲ ನಿಮಿಷ ಕುದಿಸಿ ಸೋಸುತ್ತಾರೆ. ಆ ಕಷಾಯದ ಹತ್ತು ಮಿಲಿಲೀಟರನ್ನು ಸಿಲ್ವರ್ ನೈಟ್ರೇಟಿನ ತೊಂಬತ್ತು ಮಿಲಿಲೀಟರ್ ತೆಳು ದ್ರಾವಣಕ್ಕೆ ಸೇರಿಸುತ್ತಾರೆ. ಮೊದಲು ಏನೂ ಆಗದಂತೆ ಕಾಣುತ್ತದೆ. ಆಮೇಲೆ ಬೀಕರಿನ ನೀರು ಹಳದಿಗೆ ತಿರುಗುತ್ತದೆ, ಹಳದಿ ಗಾಢವಾಗುತ್ತದೆ, ಕೊನೆಗೆ ಬೆಲ್ಲದ ಕಾಫಿಯ ಕಂದು ಬಣ್ಣ ಬರುತ್ತದೆ. ಪಾಲಿಫಿನಾಲ್ ಕೊಟ್ಟ ಎಲೆಕ್ಟ್ರಾನ್ ಪಡೆದ ಬೆಳ್ಳಿಯ ಅಯಾನು ಲೋಹದ ಪರಮಾಣುವಾಗಿ, ಅಂಥವು ಸಾವಿರಾರು, ಲಕ್ಷಾಂತರ ಗುಂಪುಗೂಡಿ ಕಣವಾಗಿವೆ. ಒಂದೊಂದು ಕಣದ ಅಡ್ಡಗಲ ಹತ್ತು, ಇಪ್ಪತ್ತು, ಐವತ್ತು ನ್ಯಾನೊಮೀಟರ್. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಇಷ್ಟು ಸಣ್ಣ ಬೆಳ್ಳಿಯ ಕಣದ ಮೇಲಿನ ಎಲೆಕ್ಟ್ರಾನುಗಳು ಬೆಳಕಿನ ಜೊತೆ ತೂಗಾಡಿ ಸುಮಾರು 420 ನ್ಯಾನೊಮೀಟರ್ ಅಲೆಯ ನೇರಳೆ-ನೀಲಿ ಬೆಳಕನ್ನು ನುಂಗುತ್ತವೆ. ಅದಕ್ಕೇ ಈ ಹಳದಿ-ಕಂದು. ಚಿನ್ನವಾದರೆ ಹಸಿರನ್ನು ನುಂಗಿ ಮಾಣಿಕ್ಯದಂತೆ ಕೆಂಪಗಾಗುತ್ತದೆ. ಕಷಾಯದಲ್ಲಿರುವ ಪ್ರೋಟೀನು, ಸಕ್ಕರೆ, ಫ್ಲೇವನಾಯ್ಡುಗಳೇ ಕಣಗಳ ಮೈಗೆ ಅಂಟಿಕೊಂಡು ಅವು ಒಂದಕ್ಕೊಂದು ಕೂಡಿ ಗಡ್ಡೆಯಾಗದಂತೆ ಕಾಯುತ್ತವೆ. ಹೀಗೆ ಒಂದೇ ಕಷಾಯ ಎರಡು ರಾಸಾಯನಿಕಗಳ ಕೆಲಸ ಮಾಡಿಬಿಡುತ್ತದೆ.

ಇದಕ್ಕೆ ಮೊದಲು ನಡೆಯುತ್ತಿದ್ದ ದಾರಿ ಯಾವುದು? 1857ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಚಿನ್ನದ ಲವಣವನ್ನು ರಂಜಕದಿಂದ ಅಪಕರ್ಷಿಸಿ, ಅಂದರೆ ಎಲೆಕ್ಟ್ರಾನ್ ಕೊಟ್ಟು ಲೋಹವಾಗಿಸಿ, ಕೆಂಪು ದ್ರಾವಣ ತಯಾರಿಸಿದ. ರಂಜಕ ಕರಗಿಸಲು ಆತ ಬಳಸಿದ ಕಾರ್ಬನ್ ಡೈಸಲ್ಫೈಡು ವಿಷ, ಬೆಂಕಿಗೂ ಹತ್ತಿರ. ಇಪ್ಪತ್ತನೇ ಶತಮಾನದಲ್ಲಿ ಅದೇ ಕೆಲಸಕ್ಕೆ ಸೋಡಿಯಂ ಬೋರೋಹೈಡ್ರೈಡ್, ಹೈಡ್ರಜೀನ್ ಬಂದವು. ಇವೂ ಎಚ್ಚರದಿಂದ ಮುಟ್ಟಬೇಕಾದವೇ. ‘ರಾಸಾಯನಿಕ ವಿಧಾನವೆಂದರೆ ವಿಷ, ಸಸ್ಯ ವಿಧಾನವೆಂದರೆ ಅಮೃತ’ ಎಂಬ ಪೀಠಿಕೆ ಇಲ್ಲದ ಸಂಶೋಧನಾ ಲೇಖನ ಈ ಕ್ಷೇತ್ರದಲ್ಲಿ ಸಿಗುವುದೇ ಅಪರೂಪ. ಆ ಪೀಠಿಕೆ ಅರ್ಧ ಸತ್ಯ. ಚಿನ್ನದ ಕಣಕ್ಕೆ ಇಂದಿಗೂ ಅತಿ ಹೆಚ್ಚು ಬಳಕೆಯಲ್ಲಿರುವುದು 1951ರಲ್ಲಿ ಟರ್ಕೆವಿಚ್ ಮತ್ತು ಸಂಗಡಿಗರು ವಿವರವಾಗಿ ಅಧ್ಯಯನ ಮಾಡಿದ ಸೋಡಿಯಂ ಸಿಟ್ರೇಟ್ ವಿಧಾನ. ಸಿಟ್ರೇಟೆಂದರೆ ನಿಂಬೆಹುಳಿಯ ಲವಣ. ಅದು ತಂಪು ಪಾನೀಯದಲ್ಲಿಯೂ ಇರುತ್ತದೆ, ರಕ್ತನಿಧಿಯ ಚೀಲದಲ್ಲಿಯೂ ಇರುತ್ತದೆ. ಗಿಡದ ಕಷಾಯ ಸ್ಪರ್ಧಿಸಬೇಕಾಗಿರುವುದು ಬೋರೋಹೈಡ್ರೈಡಿನ ಜೊತೆ ಮಾತ್ರವಲ್ಲ, ಈ ಸಾಧು ಸಿಟ್ರೇಟಿನ ಜೊತೆಗೂ.

ಜೀವಿಗಳು ಲೋಹದ ಕಣ ಮಾಡಬಲ್ಲವೆಂಬ ಸುಳಿವು ಸಿಕ್ಕಿದ್ದು ಬ್ಯಾಕ್ಟೀರಿಯಾದಿಂದ. ಬೆಳ್ಳಿಯ ಗಣಿಯಲ್ಲಿ ಸಿಕ್ಕ ಸೂಡೊಮೊನಾಸ್ ಜಾತಿಯ ಒಂದು ತಳಿ ತನ್ನ ಕೋಶದೊಳಗೇ ಬೆಳ್ಳಿಯ ಹರಳು ಕಟ್ಟುತ್ತದೆಂದು 1999ರಲ್ಲಿ ವರದಿಯಾಯಿತು. 2002ರಲ್ಲಿ ಟೆಕ್ಸಾಸಿನ ಎಲ್ ಪಾಸೊದಲ್ಲಿ ಗಾರ್ಡಿಯಾ-ಟೊರೆಸ್‌ಡೇ ತಂಡ, ಚಿನ್ನದ ಲವಣ ಬೆರೆತ ಮಾಧ್ಯಮದಲ್ಲಿ ಕುದುರೆ ಮಸಾಲೆ ಸೊಪ್ಪಿನ ಗಿಡ ಬೆಳೆಸಿ, ಜೀವಂತ ಗಿಡದೊಳಗೆ ಚಿನ್ನದ ನ್ಯಾನೊಕಣ ಕಂಡಿತು. ಸಾಸಿವೆ ಗಿಡವನ್ನು ಸಿಲ್ವರ್ ನೈಟ್ರೇಟಿನಲ್ಲಿ ನಿಲ್ಲಿಸಿದಾಗ ಅದರ ಒಣ ತೂಕದ ಶೇ 12ಕ್ಕೂ ಮಿಕ್ಕಿ ಬೆಳ್ಳಿ ಸೇರಿದ್ದನ್ನು 2008ರ ಇನ್ನೊಂದು ಅಧ್ಯಯನ ತೋರಿಸಿತು. ಬೆರಗು ಹುಟ್ಟಿಸುವ ಸಂಗತಿಗಳು. ಆದರೆ ಗಿಡದೊಳಗೆ ಸಿಕ್ಕಿಕೊಂಡ ಕಣವನ್ನು ಹೊರಗೆ ತೆಗೆಯುವುದು ದೊಡ್ಡ ತಲೆನೋವು.

ಆ ತಲೆನೋವನ್ನು ತಪ್ಪಿಸಿದ್ದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ. ಅಲ್ಲಿನ ಮುರಳಿ ಶಾಸ್ತ್ರಿ ಅವರ ತಂಡ ಜೀವಂತ ಗಿಡವನ್ನು ಬಿಟ್ಟು ಎಲೆಯ ಕಷಾಯ ಹಿಡಿಯಿತು. 2003ರಲ್ಲಿ ಜೆರೇನಿಯಂ ಎಲೆ, 2004ರಲ್ಲಿ ಬೇವು, ಅದೇ ವರ್ಷ ಮಜ್ಜಿಗೆ ಹುಲ್ಲು, 2006ರಲ್ಲಿ ಲೋಳೆಸರ. ಮಜ್ಜಿಗೆ ಹುಲ್ಲಿನ ಕಷಾಯದಲ್ಲಿ ಚಿನ್ನ ಗುಂಡಗೆ ಕೂರದೆ ತೆಳ್ಳನೆಯ ತ್ರಿಕೋನಗಳಾಗಿ ಬೆಳೆದಿತ್ತು. ಆ ಲೇಖನ ‘ನೇಚರ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಬಂದ ಮೇಲೆ ಬಾಗಿಲು ತೆರೆಯಿತು. ಭಾರತದ ಕಾಲೇಜುಗಳಿಗೆ ಇದು ಹೇಳಿ ಮಾಡಿಸಿದ ವಿಷಯ. ದುಬಾರಿ ಉಪಕರಣ ಬೇಡ, ಎಲೆ ಪುಕ್ಕಟೆ, ಬಣ್ಣ ಕಣ್ಣಿಗೇ ಕಾಣುತ್ತದೆ. ಮಾವು, ಗೇರು, ಅಡಿಕೆ, ತೆಂಗಿನ ನಾರು ಒಂದೂ ಉಳಿಯಲಿಲ್ಲ. ತಿರುವನಂತಪುರದ ಡೈಸಿ ಫಿಲಿಪ್ ಮತ್ತು ಸಂಗಡಿಗರು 2010ರಿಂದ ಐದಾರು ವರ್ಷಗಳಲ್ಲಿ ಮಾವಿನೆಲೆ, ಗೇರೆಲೆ, ಅಡಿಕೆ ಮೂರರಿಂದಲೂ ಚಿನ್ನ ಅಥವಾ ಬೆಳ್ಳಿಯ ಕಣ ಮಾಡಿ ತೋರಿಸಿದರು.

ಕರ್ನಾಟಕ ಇದರಲ್ಲಿ ಹಿಂದೆ ಬಿದ್ದಿಲ್ಲ. ಗುಲ್ಬರ್ಗಾ ವಿಶ್ವವಿದ್ಯಾಲಯದ ಎ. ವೆಂಕಟರಾಮನ್ ಅವರ ತಂಡ 2008–09ರ ಹೊತ್ತಿಗೇ ಶಿಲೀಂಧ್ರಗಳಿಂದ ಬೆಳ್ಳಿಯ ಕಣ ತಯಾರಿಸಿತ್ತು. ತುಮಕೂರು ವಿಶ್ವವಿದ್ಯಾಲಯದವರು ಕಕ್ಕೆ ಗಿಡದ ಸಾರದಿಂದ ಸತುವಿನ ಆಕ್ಸೈಡ್ ಮಾಡಿ 2015ರಲ್ಲಿ ಪ್ರಕಟಿಸಿದರು. ಮಣಿಪಾಲದ ತಾಂತ್ರಿಕ ಸಂಸ್ಥೆಯ ತಂಡ ಅಂಗಳದ ಅಲಂಕಾರದ ಮುಸ್ಸೆಂಡಾ ಎಲೆಯಿಂದ ಬೆಳ್ಳಿಯ ಕಣ ಮಾಡಿ, ಮೀಥೈಲ್ ಆರೆಂಜ್ ಎಂಬ ಬಣ್ಣವನ್ನು ಒಡೆಯಲು ಅದನ್ನು ವೇಗವರ್ಧಕವಾಗಿ ಬಳಸಿದ್ದು 2016ರಲ್ಲಿ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿರುವ ಕನ್ನಡಿಗ ಕಟ್ಟೇಶ್ ಕಟ್ಟಿ ಅವರದು ಈ ಕ್ಷೇತ್ರದಲ್ಲಿ ದೊಡ್ಡ ಹೆಸರು. ಚಹಾ, ದಾಲ್ಚಿನ್ನಿಗಳಿಂದ ಚಿನ್ನದ ಕಣ ಮಾಡಿದ ಅವರ ಬಳಗ, ಮಾವಿನಲ್ಲಿರುವ ಮ್ಯಾಂಜಿಫೆರಿನ್ ಎಂಬ ರಾಸಾಯನಿಕವನ್ನು ವಿಕಿರಣಶೀಲ ಚಿನ್ನದ ಕಣಕ್ಕೆ ಹೊದಿಸಿ ಪ್ರಾಸ್ಟೇಟ್ ಗಡ್ಡೆಯ ಮೇಲೆ ಇಲಿಗಳಲ್ಲಿ ಪರೀಕ್ಷಿಸಿ 2017ರಲ್ಲಿ ವರದಿ ಮಾಡಿತು. 2020ರಲ್ಲಿ ‘ನ್ಯಾನೊ ಸ್ವರ್ಣಭಸ್ಮ’ದ ಹೆಸರಿನಲ್ಲಿ ಸ್ತನ ಕ್ಯಾನ್ಸರ್ ರೋಗಿಗಳ ಮೇಲಿನ ಪ್ರಾಥಮಿಕ ಪರೀಕ್ಷೆಯನ್ನೂ ಪ್ರಕಟಿಸಿತು. ಅದು ಸಣ್ಣ ಪರೀಕ್ಷೆ. ಅದನ್ನು ಹಿಡಿದು ಔಷಧ ಸಿಕ್ಕಿತೆಂದು ಸಾರುವವರಿಂದ ರೋಗಿಗಳು ದೂರವಿರುವುದು ಒಳ್ಳೆಯದು.

ಈಗ ಕೇಣಿಯ ಕಡೆ ಬರೋಣ. ಅಂಕೋಲೆ ಪೇಟೆಗೆ ತಾಗಿದಂತಿರುವ ಈ ಮೀನುಗಾರರ ಊರಿನ ಹೆಸರು ಈಚೆಗೆ ಪತ್ರಿಕೆಗಳಲ್ಲಿ ಬರುತ್ತಿರುವುದು ವಾಣಿಜ್ಯ ಬಂದರಿನ ಯೋಜನೆ ಮತ್ತು ಅದಕ್ಕೆ ಎದ್ದ ವಿರೋಧದಿಂದ. ಪಕ್ಕದ ಬೇಲೆಕೇರಿಯಂತೂ ಕಬ್ಬಿಣದ ಅದಿರಿನ ಹಗರಣದಿಂದ ರಾಜ್ಯಕ್ಕೆಲ್ಲ ಪರಿಚಿತ. ಈ ಕರಾವಳಿಗೆ ಲೋಹವೆಂದರೆ ಲಾರಿಗಟ್ಟಲೆ ಕೆಂಪು ಧೂಳು. ಅದೇ ನೆಲದಲ್ಲಿ ನ್ಯಾನೊ ಪ್ರಮಾಣದ ಲೋಹಕ್ಕೆ ಬೇಕಾದ ಗಿಡಗಳೂ ತುಂಬಿವೆ. ಕೇಣಿಯಿಂದ ಕಾರವಾರದ ಕಾಳಿ ಅಳಿವೆಯವರೆಗಿನ ಪಟ್ಟಿಯಲ್ಲಿ ಗೇರು, ಮುರುಗಲು, ಹೊನ್ನೆ, ತೆಂಗು ಇವೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಅಂಕೋಲೆಯ ಕರಿ ಇಶಾಡು ಮಾವಿದೆ. ಹಿನ್ನೀರಿನ ಅಂಚಿಗೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿದೆ.

ಕಾಂಡ್ಲಾ ಗಿಡದ ತೊಗಟೆಯಲ್ಲಿ, ಎಲೆಯಲ್ಲಿ ಟ್ಯಾನಿನ್ ಹೇರಳ. ಕೆಸರಿನಲ್ಲಿ ಬೇರೂರಿ, ಉಪ್ಪುನೀರು ಕುಡಿದು, ಹುಳುಗಳ ನಡುವೆ ಬದುಕಬೇಕಾದ ಗಿಡಕ್ಕೆ ಅದು ಬೇಕೇ ಬೇಕು. ಕಾಳಿಯ ಅಳಿವೆಯಲ್ಲೂ ಬೆಳೆಯುವ ರೈಜೊಫೊರಾ ಮ್ಯುಕ್ರೊನೇಟಾ ಎಂಬ ಕಾಂಡ್ಲಾ ಜಾತಿಯಿಂದ ಬೆಳ್ಳಿಯ ಕಣ ಮಾಡಿ, ಸೊಳ್ಳೆಯ ಮರಿಗಳನ್ನು ಕೊಲ್ಲುವ ಶಕ್ತಿಯನ್ನು 2011ರಲ್ಲಿಯೂ, ಜಲಚರಗಳಿಗೆ ರೋಗ ತರುವ ಬ್ಯಾಕ್ಟೀರಿಯಾಗಳ ವಿರುದ್ಧದ ಪರಿಣಾಮವನ್ನು 2012ರಲ್ಲಿಯೂ ತಮಿಳುನಾಡಿನ ಸಂಶೋಧಕರು ವರದಿ ಮಾಡಿದ್ದಾರೆ.

ಕರಾವಳಿಯ ಗಿಡದಲ್ಲಿ ಒಂದು ಬಲೆಯೂ ಇದೆ: ಉಪ್ಪು. ಅವಿಸೆನಿಯಾ ಜಾತಿಯ ಕಾಂಡ್ಲಾ ಗಿಡ ಬೇರಿನಿಂದ ಒಳಬಂದ ಉಪ್ಪನ್ನು ಎಲೆಯ ಗ್ರಂಥಿಗಳ ಮೂಲಕ ಹೊರಗೆ ದಬ್ಬುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಅದರ ಎಲೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ತಾಗಿಸಿದರೆ ಸಾಕು, ಗೊತ್ತಾಗುತ್ತದೆ. ರೈಜೊಫೊರಾ ಬೇರಿನಲ್ಲೇ ಬಹುಪಾಲು ಉಪ್ಪನ್ನು ತಡೆಯುತ್ತದೆ. ಹಾಗಂತ ಅದರ ಎಲೆ ಸಪ್ಪೆಯಲ್ಲ. ಇಂಥ ಎಲೆಯ ಕಷಾಯಕ್ಕೆ ಸಿಲ್ವರ್ ನೈಟ್ರೇಟ್ ಹಾಕಿದರೆ ಮೊದಲು ನಡೆಯುವುದು ಪಿಯುಸಿ ಪ್ರಯೋಗಾಲಯದ ಹಳೇ ಪರೀಕ್ಷೆ. ಕ್ಲೋರೈಡ್ ಬೆಳ್ಳಿಯನ್ನು ಹಿಡಿದು ಸಿಲ್ವರ್ ಕ್ಲೋರೈಡಿನ ಬಿಳಿ ಗಷ್ಟಾಗುತ್ತದೆ. ಅದೂ ಬೆಳಕಿಗೆ ಕಪ್ಪಾಗುವಂಥದ್ದೇ. ಅದೂ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಬಣ್ಣ ನೋಡಿ, ಪೆಟ್ರಿ ತಟ್ಟೆ ನೋಡಿ ‘ಬೆಳ್ಳಿಯ ಕಣ ಸಿಕ್ಕಿತು’ ಎಂದು ಬರೆದವರಿಗೆ ಎಕ್ಸ್‌ರೇ ವಿವರ್ತನೆಯ ನಕ್ಷೆ ಬೇರೆಯೇ ಕಥೆ ಹೇಳುತ್ತಿರುತ್ತದೆ. 32 ಮತ್ತು 46 ಡಿಗ್ರಿಗಳ ಆಸುಪಾಸಿನ ಗೆರೆಗಳು ಸಿಲ್ವರ್ ಕ್ಲೋರೈಡಿನವು, ಲೋಹದ ಬೆಳ್ಳಿಯವಲ್ಲ. ಪ್ರಕಟವಾದ ಹಲವು ಲೇಖನಗಳಲ್ಲಿ ಈ ಗೆರೆಗಳು ಹೆಸರಿಲ್ಲದೆ ಕೂತಿವೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಅಂಕೋಲೆಯವರಿಗೆ ಉಪ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಬೇರೆ ಹೇಳಬೇಕಾಗಿಲ್ಲ, ಬಿಡಿ.

ಚಹಾದ ಕಬ್ಬಿಣದ ಕಥೆ ಇದಕ್ಕಿಂತ ಹೆಚ್ಚಿನ ಪಾಠ ಕಲಿಸುವಂಥದ್ದು. ಹಸಿರು ಚಹಾದ ಪಾಲಿಫಿನಾಲಿನಿಂದ ಕಬ್ಬಿಣದ ನ್ಯಾನೊಕಣ ಮಾಡಿ ಕಲುಷಿತ ನೀರನ್ನು ಶುದ್ಧ ಮಾಡಬಹುದೆಂದು 2009ರಲ್ಲಿ ಅಮೆರಿಕದ ತಂಡವೊಂದು ತೋರಿಸಿದಾಗ ಎಲ್ಲರಿಗೂ ಖುಷಿ. ಐದು ವರ್ಷದ ನಂತರ ಇನ್ನೊಂದು ತಂಡ ಅಂಥದೇ ಕಣಗಳನ್ನು ಕೂಲಂಕಷವಾಗಿ ಪರೀಕ್ಷಿಸಿತು. ಅಲ್ಲಿ ಇದ್ದದ್ದು ಲೋಹದ ಕಬ್ಬಿಣವಲ್ಲ, ಕಬ್ಬಿಣ ಮತ್ತು ಪಾಲಿಫಿನಾಲ್ ಸೇರಿದ ಸಂಕೀರ್ಣ. ಜಲಜೀವಿಗಳ ಮೇಲೆ ಅದರ ಪರಿಣಾಮವೂ ಗಣನೀಯವಾಗಿತ್ತು. ಗಿಡದಿಂದ ಬಂದದ್ದೆಲ್ಲ ಸೌಮ್ಯ ಎಂಬ ನಂಬಿಕೆಯನ್ನು ಅಲ್ಲಿಗೆ ಬಿಡಬೇಕಿತ್ತು. ಎಕ್ಕದ ಹಾಲು, ಕಾಸರಕನ ಬೀಜ ಗೊತ್ತಿರುವ ನಾಡಿನಲ್ಲಿ ಆ ನಂಬಿಕೆ ಬೆಳೆದದ್ದೇ ವಿಚಿತ್ರ.

ಇನ್ನು ಪ್ರಮಾಣದ ಪ್ರಶ್ನೆ. ಸಾಮಾನ್ಯವಾಗಿ ಬಳಸುವ ಒಂದು ಮಿಲಿಮೋಲಾರ್ ದ್ರಾವಣದ ಒಂದು ಲೀಟರಿನಲ್ಲಿರುವ ಬೆಳ್ಳಿ ಕೇವಲ 0.108 ಗ್ರಾಂ. ಬೆಳ್ಳಿಯೆಲ್ಲವೂ ಕಣವಾಯಿತೆಂದೇ ಹಿಡಿದರೂ ಒಂದು ಗ್ರಾಂ ಕಣಕ್ಕೆ ಒಂಬತ್ತು ಲೀಟರಿಗೂ ಹೆಚ್ಚು ದ್ರಾವಣ, ಒಂದು ಲೀಟರ್ ಕಷಾಯ, ಇನ್ನೂರು ಗ್ರಾಂ ಎಲೆ ಬೇಕು. ಒಂದು ಕಿಲೋ ಆದರೆ ಹತ್ತು ಸಾವಿರ ಲೀಟರ್ ದ್ರವ, ಎರಡು ಕ್ವಿಂಟಲ್ ಎಲೆ. ಎಲೆ ಕೀಳುವುದು ಕಷ್ಟವಲ್ಲ. ಹತ್ತು ಸಾವಿರ ಲೀಟರನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಕಣ ಬೇರ್ಪಡಿಸಿ, ಮತ್ತೆ ಮತ್ತೆ ತೊಳೆದು, ಉಳಿದ ಬೆಳ್ಳಿಬೆರೆತ ನೀರನ್ನು ಏನು ಮಾಡುವುದು? ದ್ರಾವಣ ಗಟ್ಟಿ ಮಾಡಿದರೆ ನೀರು ಕಡಿಮೆಯಾಗುತ್ತದೆ, ನಿಜ. ಆದರೆ ಕಣಗಳು ದಪ್ಪವಾಗುತ್ತವೆ, ಒಂದಕ್ಕೊಂದು ಅಂಟುತ್ತವೆ. ಜೊತೆಗೆ ಮಳೆಗಾಲದ ಎಲೆಯ ಸಾರ ಬೇಸಿಗೆಯ ಎಲೆಯದ್ದಲ್ಲ, ಚಿಗುರಿನದ್ದು ಬಲಿತದ್ದರದ್ದಲ್ಲ. ಕಾರ್ಖಾನೆಗೆ ಬೇಕಾಗುವುದು ಪ್ರತಿ ಸಲವೂ ಒಂದೇ ಅಳತೆಯ ಕಣ. ಕಷಾಯದ ದಾರಿ ಅದನ್ನು ಕೊಡುವ ಮಟ್ಟಕ್ಕೆ ಇನ್ನೂ ಬಂದಿಲ್ಲ.

ಹಸಿರಿನ ಲೆಕ್ಕವನ್ನು ಬೀಕರಿನಿಂದ ಶುರುಮಾಡುವುದೂ ಸರಿಯಲ್ಲ. 1998ರಲ್ಲಿ ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ ಹಸಿರು ರಸಾಯನಶಾಸ್ತ್ರದ ಹನ್ನೆರಡು ತತ್ವಗಳನ್ನು ಬರೆದಾಗ ಅದರಲ್ಲಿ ಕಚ್ಚಾವಸ್ತು, ಶಕ್ತಿಯ ಬಳಕೆ, ತ್ಯಾಜ್ಯ, ಬಳಸಿದ ಮೇಲಿನ ಗತಿ ಎಲ್ಲವೂ ಇತ್ತು. ಸಿಲ್ವರ್ ನೈಟ್ರೇಟ್ ಬರುವುದು ಗಣಿಯ ಬೆಳ್ಳಿ ಮತ್ತು ನೈಟ್ರಿಕ್ ಆಮ್ಲದಿಂದ. ಸತುವಿನ ಆಕ್ಸೈಡಿಗೆ ಎಲೆಯ ಸಾರ ಬಳಸಿದ ಅದೆಷ್ಟೋ ಪ್ರಯೋಗಗಳಲ್ಲಿ ಕೊನೆಗೆ ಪುಡಿಯನ್ನು 400–500 ಡಿಗ್ರಿ ಕುಲುಮೆಯಲ್ಲಿ ಗಂಟೆಗಟ್ಟಲೆ ಸುಡುತ್ತಾರೆ. ಅಲ್ಲಿ ಎಲೆಯ ಪಾತ್ರ ಬಹುಪಾಲು ಉರುವಲಿನದು. ಚಿನ್ನದ ನ್ಯಾನೊಕಣ ತಯಾರಿಕೆಯ ಬೇರೆ ಬೇರೆ ವಿಧಾನಗಳ ಜೀವನಚಕ್ರ ಲೆಕ್ಕಹಾಕಿದ ಅಮೆರಿಕದ ವರ್ಜೀನಿಯಾ ಟೆಕ್ ಸಂಶೋಧಕರು 2014ರಲ್ಲಿ ಕಂಡುಕೊಂಡದ್ದೂ ಇದನ್ನೇ. ಒಟ್ಟು ಶಕ್ತಿಯ ಬಹುಪಾಲು ಹೋಗುವುದು ಚಿನ್ನವನ್ನು ಗಣಿಯಿಂದ ತೆಗೆದು ಶುದ್ಧ ಮಾಡುವುದಕ್ಕೆ. ಅಪಕರ್ಷಕವಾಗಿ ಏನು ಹಾಕಿದಿರಿ ಎಂಬುದು ಆ ಲೆಕ್ಕದಲ್ಲಿ ಸಣ್ಣ ಬಾಬತ್ತು.

ಹಾಗಾದರೆ ಗಿಡದ ದಾರಿ ದಂಡವೇ? ಅಲ್ಲ. ಎಲೆ ಕೀಳುವುದನ್ನು ಬಿಟ್ಟು ಕಸಕ್ಕೆ ಕೈಹಾಕಿದರೆ ಅದಕ್ಕೆ ಅರ್ಥ ಬರುತ್ತದೆ. ಕಾಂಡ್ಲಾ ಕಾಡು ಕರಾವಳಿ ನಿಯಂತ್ರಣ ವಲಯದ ರಕ್ಷಣೆಯಲ್ಲಿದೆ. ಮೀನಿನ ಮರಿ ಬೆಳೆಯುವ ಆ ಜಾಗವನ್ನು ಕಷಾಯಕ್ಕೆಂದು ಮುಟ್ಟುವ ಅಗತ್ಯವೇ ಇಲ್ಲ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ ಕಡೆ ಕೆಂಪಡಿಕೆ ಬೇಯಿಸಿದಾಗ ಉಳಿಯುವ ಚೊಗರನ್ನೇ ನೋಡಿ. ಹಂಡೆಯಲ್ಲಿ ಮತ್ತೆ ಮತ್ತೆ ಅಡಿಕೆ ಬೆಂದು, ರಕ್ತದ ಬಣ್ಣಕ್ಕೆ ತಿರುಗಿ, ಕೈಗೆ ತಾಗಿದರೆ ಬಿಗಿದುಕೊಳ್ಳುವಷ್ಟು ಮಂದವಾದ ಟ್ಯಾನಿನ್ ದ್ರವ ಅದು. ಮುಂದಿನ ಅಡಿಕೆಗೆ ಬಣ್ಣ ಕೊಡಲು ಒಂದಿಷ್ಟು ಬಳಕೆಯಾಗುತ್ತದೆ, ಬಟ್ಟೆಗೆ ಬಣ್ಣ ಹಾಕುವವರೂ ಒಯ್ಯುತ್ತಾರೆ. ಟ್ಯಾನಿಕ್ ಆಮ್ಲದಿಂದ ಚಿನ್ನದ ಕಣಗಳ ಅಳತೆಯನ್ನು 3ರಿಂದ 17 ನ್ಯಾನೊಮೀಟರಿನವರೆಗೆ ಬೇಕಾದಂತೆ ನಿಯಂತ್ರಿಸಬಹುದೆಂದು 1985ರಲ್ಲೇ ತೋರಿಸಲಾಗಿತ್ತು. ಕುದಿಸಿ ಸಿದ್ಧವಾಗಿರುವ ಚೊಗರು ಕೈಯಲ್ಲಿರುವಾಗ ಹೊಸದಾಗಿ ಎಲೆ ಕುದಿಸುವುದೇಕೆ ಎಂಬುದು ಕೇಳಬೇಕಾದ ಪ್ರಶ್ನೆ. ಮಾವಿನ ತಿರುಳು ತೆಗೆದ ಮೇಲಿನ ಸಿಪ್ಪೆಯಿಂದ ಚಿನ್ನದ ಕಣ ಮಾಡಿದ ವರದಿ 2014ರಲ್ಲೇ ಬಂದಿದೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದವರು ಮುರುಗಲಿನಿಂದ ಬೆಳ್ಳಿಯ ಕಣ ಮಾಡಿ 2018ರಲ್ಲಿ ಬರೆದಿದ್ದಾರೆ. ಗೇರುಬೀಜ ತೆಗೆದುಕೊಂಡು ಮರದಡಿಯೇ ಕೊಳೆಯಲು ಬಿಡುವ ಗೇರುಹಣ್ಣಿಗಂತೂ ಲೆಕ್ಕವೇ ಇಲ್ಲ.

ಮಾಡಿದ ಕಣ ಹೋಗುವುದೆಲ್ಲಿಗೆ ಎಂಬುದು ಕೇಣಿಯಂಥ ಊರಿಗೆ ಇದಕ್ಕಿಂತ ಮುಖ್ಯ. ಇಲ್ಲಿ ಚರಂಡಿಗೆ ಬಿಟ್ಟದ್ದು ಹಳ್ಳಕ್ಕೆ, ಹಳ್ಳದ್ದು ಅಳಿವೆಗೆ ಸೇರಲು ಒಂದು ಇಳಿತ ಸಾಕು. ಕಡಲಿಗೆ ಸಂಬಂಧಿಸಿದ ಬಳಕೆಗಳೂ ಇವೆ. ಕಾರವಾರದಲ್ಲಿ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಪಂಜರಗಳಲ್ಲಿ ಕೋಬಿಯಾ, ಕುರಡಿ ಮೀನು ಸಾಕುವ ಪ್ರಯೋಗ ನಡೆಸಿದೆ. ಪಂಜರದ ಬಲೆಗೆ ಪಾಚಿ, ಕಲ್ವಾ, ಬಾರ್ನಕಲ್ ಹತ್ತಿ ಕಣ್ಣುಗಳು ಮುಚ್ಚಿಕೊಳ್ಳುವುದು ಅಲ್ಲಿನ ದೊಡ್ಡ ಕಾಟ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಬಲೆಗೆ ಪಾಲಿಅನಿಲಿನ್ ಜೊತೆ ನ್ಯಾನೊ ತಾಮ್ರದ ಆಕ್ಸೈಡ್ ಲೇಪಿಸಿ ಈ ಕಾಟ ತಗ್ಗಿಸುವ ದಾರಿ ಹುಡುಕಿದೆ. ದೋಣಿಯ ಅಡಿಗೆ ಬಳಿಯುವ ಬಣ್ಣದಲ್ಲೂ, ಟಿಬಿಟಿ ಎಂಬ ತವರದ ಸಂಯುಕ್ತ 2008ರಲ್ಲಿ ಜಾಗತಿಕವಾಗಿ ನಿಷೇಧಕ್ಕೊಳಗಾದ ಮೇಲೆ, ಪ್ರಧಾನವಾಗಿ ಉಳಿದಿರುವುದು ತಾಮ್ರ. ಗಿಡದಿಂದ ಮಾಡಿದ ತಾಮ್ರದ ಕಣ ಇಲ್ಲಿ ಹೊಂದುತ್ತದೆಯೇ ಎಂದು ನೋಡುವುದು ತಕ್ಕ ಸಂಶೋಧನೆಯೇ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವೇ ಇರುವಾಗ ಅದಕ್ಕೆ ದೂರ ಹೋಗಬೇಕಾಗಿಯೂ ಇಲ್ಲ.

ಬೆಳ್ಳಿಯ ವಿಷಯದಲ್ಲಿ ಮಾತ್ರ ಕೈ ಬಿಗಿಹಿಡಿಯಬೇಕು. 2008ರ ಒಂದು ಅಧ್ಯಯನದಲ್ಲಿ ವಾಸನೆ ತಡೆಯುವ ನ್ಯಾನೊಬೆಳ್ಳಿಯ ಕಾಲುಚೀಲಗಳನ್ನು ನೀರಿನಲ್ಲಿ ಅಲುಗಾಡಿಸಿದಾಗ ಕೆಲವುಗಳಿಂದ ಹೆಚ್ಚುಕಮ್ಮಿ ಎಲ್ಲ ಬೆಳ್ಳಿಯೂ ಕೆಲವೇ ತೊಳೆತಗಳಲ್ಲಿ ಹೊರಟುಹೋಯಿತು. ಕುಡಿಯುವ ನೀರಿನಲ್ಲಿ ಬೆಳ್ಳಿ ಲೀಟರಿಗೆ 0.1 ಮಿಲಿಗ್ರಾಂವರೆಗೆ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಅಂದರೆ 100 ಮೈಕ್ರೊಗ್ರಾಂ. ಮನುಷ್ಯನಿಗೆ ಅದು ತೊಂದರೆಯಲ್ಲ. ಆದರೆ ಅಮೆರಿಕದ ಕಲ್ವಾ ಜಾತಿಯೊಂದರ ಭ್ರೂಣಗಳ ಮೇಲೆ 1973ರಲ್ಲಿ ನಡೆದ ಪರೀಕ್ಷೆಯಲ್ಲಿ, ಉಪ್ಪುನೀರಿನಲ್ಲಿ ಕರಗಿದ ಬೆಳ್ಳಿ ಲೀಟರಿಗೆ ಸುಮಾರು 5.8 ಮೈಕ್ರೊಗ್ರಾಂ ಇದ್ದಾಗಲೇ ಅರ್ಧದಷ್ಟು ಭ್ರೂಣಗಳು 48 ಗಂಟೆಗಳಲ್ಲಿ ಸತ್ತವು. ಪಾದರಸಕ್ಕೆ ಆ ಮಟ್ಟ 5.6. ತಾಮ್ರಕ್ಕೆ 103. ಬಳಚು, ಕಲ್ವಾಗಳು ದಿನವಿಡೀ ನೀರು ಸೋಸಿ ತಿನ್ನುವ ಜೀವಿಗಳು. ಕಣ ಕಾಂಡ್ಲಾ ಎಲೆಯಿಂದ ಬಂತೋ ಬೋರೋಹೈಡ್ರೈಡಿನಿಂದ ಬಂತೋ ಎಂದು ಅವು ಕೇಳುವುದಿಲ್ಲ.

ಆದ್ದರಿಂದ ನೀರಿಗೆ ಬಿಡಿಬಿಡಿಯಾಗಿ ಬೆರೆಸುವ ಕಣಕ್ಕಿಂತ ಏನಕ್ಕಾದರೂ ಬಿಗಿಯಾಗಿ ಅಂಟಿಸಿದ ಕಣವೇ ಈ ಕರಾವಳಿಗೆ ಸೂಕ್ತ. ಅದಕ್ಕೆ ಹಳೆಯ ಮಾದರಿಯೂ ಇದೆ. ತೆಂಗಿನ ಕರಟದ ಸಕ್ರಿಯ ಇದ್ದಿಲಿಗೆ ಬೆಳ್ಳಿ ಹತ್ತಿಸಿ ಮನೆಯ ನೀರಿನ ಫಿಲ್ಟರುಗಳಲ್ಲಿ ತುಂಬುವುದು ದಶಕಗಳಿಂದ ನಡೆದುಬಂದಿದೆ. ಇದ್ದಿಲಿನ ಸೂಕ್ಷ್ಮ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡದಂತೆ ಆ ಬೆಳ್ಳಿ ಕಾಯುತ್ತದೆ. ಆ ಹತ್ತಿಸುವ ಕೆಲಸವನ್ನು ಚೊಗರಿನಿಂದಲೋ ಮಾವಿನ ಸಿಪ್ಪೆಯ ಸಾರದಿಂದಲೋ ಮಾಡಿ, ಫಿಲ್ಟರಿನಿಂದ ಹೊರಬರುವ ನೀರಿನಲ್ಲಿ ಬೆಳ್ಳಿ ಎಷ್ಟಿದೆಯೆಂದು ತಿಂಗಳುಗಟ್ಟಲೆ ಅಳೆದರೆ, ಅದೇ ನೀರಿನಲ್ಲಿ ಕಾಳಿಯ ಕಲ್ವಾ ಮರಿಗಳನ್ನೂ ಬಿಟ್ಟು ನೋಡಿದರೆ, ಅದರಿಂದ ಹುಟ್ಟುವ ಲೇಖನ ಇ. ಕೋಲಿ ಬ್ಯಾಕ್ಟೀರಿಯಾ ಸತ್ತ ತಟ್ಟೆಯ ಇನ್ನೊಂದು ಚಿತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.